ಹಣ ಕಳುಹಿಸುವ ಮುನ್ನ ಖಾತೆ ಯಾರದೆಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಬ್ಯಾಂಕ್ ಖಾತೆಗೆ ಹಣ ವರ್ಗಾಯಿಸುವಾಗ ಪಡೆಯುವವರ ಹೆಸರನ್ನು ಒಂದು ಕಡೆ, ಖಾತೆ ಸಂಖ್ಯೆಯನ್ನು ಇನ್ನೊಂದು ಕಡೆ ತುಂಬುತ್ತೇವೆ. ಹೆಸರಿಗೂ ಸಂಖ್ಯೆಗೂ ತಾಳೆಯಾಗದಿದ್ದರೆ ಬ್ಯಾಂಕೇ ತಡೆಯುತ್ತದೆ ಎಂದು ಹೆಚ್ಚಿನವರು ನಂಬಿರುತ್ತಾರೆ. ಆ ನಂಬಿಕೆಗೆ ಬಹುಕಾಲದವರೆಗೆ ಆಧಾರವೇ ಇರಲಿಲ್ಲ. ಎಲೆಕ್ಟ್ರಾನಿಕ್ ವರ್ಗಾವಣೆಯಲ್ಲಿ ಹಣಕ್ಕೆ ದಾರಿ ತೋರಿಸುವುದು ಖಾತೆ ಸಂಖ್ಯೆ. ಹೆಸರು ಅದರ ಜೊತೆಯಲ್ಲಿ ಸಾಗುವ ಟಿಪ್ಪಣಿಯಷ್ಟೇ. ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹಣ ಕಳುಹಿಸುವ ಭಾರತದ ನೆಫ್ಟ್ ಮತ್ತು ಆರ್‌ಟಿಜಿಎಸ್ ವ್ಯವಸ್ಥೆಗಳಲ್ಲೂ ಹಣ ಜಮೆಯಾಗುವುದು ಸಂಖ್ಯೆಯನ್ನು ನೋಡಿಯೇ. ವಂಚಕರು ಮನೆ ಮಾಡಿಕೊಂಡಿರುವುದು ಹೆಸರಿಗೂ ಸಂಖ್ಯೆಗೂ ನಡುವಿನ ಈ ಬಿರುಕಿನಲ್ಲಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಹೆಸರನ್ನು ಮುಂದಿಟ್ಟು, ಅದರ ಕೆಳಗೆ ತಮ್ಮ ಖಾತೆಯ ಸಂಖ್ಯೆಯನ್ನು ಬರೆದುಬಿಡುತ್ತಾರೆ. ಅದನ್ನು ತಡೆಯಲು ಕಳುಹಿಸುವವರು ಏನೇನು ಮಾಡಬೇಕು ಎಂಬುದನ್ನು ಕ್ರಮವಾಗಿ ನೋಡೋಣ.

ಮೊದಲ ಹೆಜ್ಜೆ: ವಿವರ ಯಾವ ದಾರಿಯಲ್ಲಿ ಬಂತು?

ಪರಿಶೀಲನೆಯ ಕೆಲಸ ಆ್ಯಪ್ ತೆರೆಯುವುದಕ್ಕೂ ಮೊದಲೇ, ಖಾತೆಯ ವಿವರ ಕೈಸೇರಿದ ಗಳಿಗೆಯಲ್ಲೇ ಶುರುವಾಗಬೇಕು. ಅದು ಎದುರಿಗೆ ಕುಳಿತ ವ್ಯಕ್ತಿ ತನ್ನ ಪಾಸ್‌ಬುಕ್ ನೋಡಿ ಬರೆದುಕೊಟ್ಟದ್ದೇ, ಹಿಂದೆ ಹಲವು ಸಲ ಹಣ ಕಳುಹಿಸಿರುವ ಖಾತೆಯೇ, ಅಥವಾ ಇಮೇಲ್, ವಾಟ್ಸ್‌ಆ್ಯಪ್, ಎಸ್ಸೆಮ್ಮೆಸ್ ಮೂಲಕ ಬಂದದ್ದೇ ಎಂಬುದನ್ನು ಗಮನಿಸಿ. ಮೂರನೆಯ ಬಗೆಯದಾದರೆ, ಕಳುಹಿಸಿದವರ ಹೆಸರು, ಚಿತ್ರ, ಮಾತಿನ ಧಾಟಿ ಎಲ್ಲವೂ ಪರಿಚಿತವಾಗಿ ಕಂಡರೂ, ಅದು ಇನ್ನೂ ದೃಢಪಡದ ಮಾಹಿತಿ ಎಂದೇ ಭಾವಿಸಬೇಕು.

ಬೇರೊಬ್ಬರ ಇಮೇಲ್ ಖಾತೆಯೊಳಗೆ ನುಗ್ಗಿದ ವಂಚಕ ಅವಸರ ಮಾಡುವುದಿಲ್ಲ. ಯಾರು ಯಾರಿಗೆ ಎಷ್ಟು ಕೊಡಬೇಕು, ಬಿಲ್ ಯಾವಾಗ ಹೊರಡುತ್ತದೆ, ಪತ್ರದ ಒಕ್ಕಣೆ ಹೇಗಿರುತ್ತದೆ ಎಂಬುದನ್ನು ಓದುತ್ತಾ ಕಾಯುತ್ತಾನೆ. ಬಿಲ್ ಬರಬೇಕಾದ ದಿನ ಅದೇ ಮೊತ್ತದ, ಅದೇ ಲಾಂಛನದ ಬಿಲ್ ನಿಮ್ಮ ಕೈಸೇರುತ್ತದೆ. ಬದಲಾಗಿರುವುದು ಕೊನೆಯಲ್ಲಿರುವ ಖಾತೆ ಸಂಖ್ಯೆಯೊಂದೇ. ಕೆಲವೊಮ್ಮೆ ಇಮೇಲ್ ವಿಳಾಸದಲ್ಲಿ ಒಂದಕ್ಷರದ ವ್ಯತ್ಯಾಸವಿರುತ್ತದೆ. ಇಂಗ್ಲಿಷಿನ ಸಣ್ಣ ಆರ್ ಮತ್ತು ಎನ್ ಅಕ್ಷರಗಳು ಒತ್ತೊತ್ತಾಗಿ ನಿಂತರೆ ಅವಸರದ ಕಣ್ಣಿಗೆ ಎಮ್‌ನಂತೆಯೇ ಕಾಣುತ್ತವೆ. ಹಾಗೆಂದು ವಿಳಾಸ ಸರಿಯಿದ್ದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ, ಏಕೆಂದರೆ ನಿಜವಾದ ವಿಳಾಸದಿಂದಲೇ ಸುಳ್ಳು ಪತ್ರ ಹೊರಡುವುದುಂಟು. “ಹಳೆಯ ಖಾತೆಯಲ್ಲಿ ಲೆಕ್ಕಪರಿಶೋಧನೆ ನಡೆಯುತ್ತಿದೆ, ಈ ಬಾರಿ ಹೊಸ ಖಾತೆಗೆ ಹಾಕಿ” ಎಂಬ ಅರ್ಥದ ಒಂದು ಸಾಲು ಎಲ್ಲೇ ಕಂಡರೂ, ಮುಂದಿನ ಹೆಜ್ಜೆ ಮುಗಿಯುವ ತನಕ ಹಣ ಕಳುಹಿಸುವ ಯೋಚನೆಯನ್ನೇ ಬದಿಗಿಡಿ.

ಎರಡನೆಯ ಹೆಜ್ಜೆ: ಬೇರೆ ದಾರಿಯಲ್ಲಿ ಕೇಳಿ

ಇಡೀ ಪರಿಶೀಲನೆಯಲ್ಲಿ ಒಂದೇ ಒಂದು ಹೆಜ್ಜೆಗೆ ಪುರುಸೊತ್ತಿದೆ ಎಂದಾದರೆ ನಾನು ಆರಿಸುವುದು ಇದನ್ನೇ. ವಿವರ ಯಾವ ದಾರಿಯಲ್ಲಿ ಬಂತೋ ಆ ದಾರಿಯನ್ನು ಬಿಟ್ಟು, ಇನ್ನೊಂದು ದಾರಿಯಲ್ಲಿ ಅದನ್ನು ಖಚಿತಪಡಿಸಿಕೊಳ್ಳಬೇಕು. ಇಮೇಲ್‌ನಲ್ಲಿ ಬಂದದ್ದನ್ನು ಇಮೇಲ್‌ನಲ್ಲೇ ವಿಚಾರಿಸಿದರೆ “ಹೌದು, ಸರಿಯಾಗಿದೆ” ಎಂದು ಉತ್ತರಿಸುವವನು ವಂಚಕನೇ ಆಗಿರಬಹುದು. ಆ ಬಿಲ್ಲಿನ ಮೇಲಿರುವ ಫೋನ್ ನಂಬರಿಗೆ ಕರೆ ಮಾಡಿದರೂ ಪ್ರಯೋಜನವಿಲ್ಲ. ಖಾತೆ ಸಂಖ್ಯೆಯನ್ನು ಬದಲಿಸಿದ ಕೈ ಫೋನ್ ನಂಬರನ್ನೂ ಬದಲಿಸಿರುತ್ತದೆ. ಹಳೆಯ ಕಡತದಲ್ಲಿ, ಒಪ್ಪಂದ ಪತ್ರದಲ್ಲಿ, ಅಥವಾ ಈ ವ್ಯವಹಾರ ಶುರುವಾಗುವ ಮೊದಲೇ ನಿಮ್ಮ ಫೋನಿನಲ್ಲಿ ಉಳಿಸಿಕೊಂಡಿದ್ದ ನಂಬರಿಗೆ ನೀವೇ ಕರೆ ಮಾಡಬೇಕು. ಅವರಾಗಿಯೇ ನಿಮಗೆ ಮಾಡಿದ ಕರೆಯನ್ನು ಪರಿಶೀಲನೆ ಎಂದು ಲೆಕ್ಕಕ್ಕೆ ಹಿಡಿಯಬೇಡಿ, ಏಕೆಂದರೆ ಪರದೆಯ ಮೇಲೆ ಪರಿಚಿತ ನಂಬರ್ ಮೂಡುವಂತೆ ಮಾಡುವ ತಂತ್ರವೂ ವಂಚಕರಿಗೆ ಗೊತ್ತಿದೆ.

ಕೇಳುವ ರೀತಿಯಲ್ಲೂ ಒಂದು ಸೂಕ್ಷ್ಮವಿದೆ. “ನಿಮ್ಮ ಖಾತೆ ಸಂಖ್ಯೆ ಇಂಥದ್ದು, ಸರಿ ತಾನೇ?” ಎಂದು ನೀವು ಓದಿದರೆ, ಕೆಲಸದ ಗಡಿಬಿಡಿಯಲ್ಲಿರುವವರು ಪೂರ್ತಿ ಕೇಳಿಸಿಕೊಳ್ಳದೆಯೇ ಹೂಂಗುಟ್ಟುತ್ತಾರೆ. ಅದರ ಬದಲು “ದಯವಿಟ್ಟು ನಿಮ್ಮ ಖಾತೆ ಸಂಖ್ಯೆಯನ್ನು ನೀವೇ ಓದಿ ಹೇಳಿ” ಎಂದು ಕೇಳಿ, ಒಂದೊಂದೇ ಅಂಕಿಯನ್ನು ನಿಮ್ಮ ಕೈಯಲ್ಲಿರುವುದರೊಂದಿಗೆ ತಾಳೆ ನೋಡಿ. ಖಾತೆ ಯಾರ ಹೆಸರಿನಲ್ಲಿದೆ, ಯಾವ ಬ್ಯಾಂಕು, ಯಾವ ಶಾಖೆ ಎಂಬುದನ್ನೂ ಅದೇ ಕರೆಯಲ್ಲಿ ಕೇಳಿ ಬರೆದಿಟ್ಟುಕೊಂಡರೆ ಮುಂದಿನ ಹೆಜ್ಜೆಗಳು ಸುಲಭವಾಗುತ್ತವೆ.

ಇಷ್ಟೆಲ್ಲ ಕೇಳಿದರೆ ಎದುರಿನವರು ತಮ್ಮ ಮೇಲೆ ನಂಬಿಕೆಯಿಲ್ಲ ಎಂದುಕೊಂಡಾರು ಎಂಬ ಸಂಕೋಚ ಬಹಳ ಮಂದಿಯನ್ನು ತಡೆಯುತ್ತದೆ, ಅದರಲ್ಲೂ ಹಿರಿಯರ ಹೆಸರಿನಲ್ಲಿ, ಮೇಲಧಿಕಾರಿಯ ಹೆಸರಿನಲ್ಲಿ ಕೋರಿಕೆ ಬಂದಾಗ. ಈ ಸಂಕೋಚದ ಲಾಭ ಸಿಗುವುದು ವಂಚಕನೊಬ್ಬನಿಗೇ. ತನಗೆ ಬರಬೇಕಾದ ಹಣ ತನ್ನ ಕೈಗೇ ಸೇರಲಿ ಎಂಬ ಕಾಳಜಿ ಪ್ರಾಮಾಣಿಕ ವ್ಯಕ್ತಿಗೆ ನಿಮಗಿಂತ ಹೆಚ್ಚಾಗಿಯೇ ಇರುತ್ತದೆ. ಎರಡು ನಿಮಿಷದ ಕರೆಗೆ ಅವರು ಬೇಸರಪಡುವುದಿಲ್ಲ. “ಕರೆ ಮಾಡಬೇಡಿ, ಮೀಟಿಂಗಿನಲ್ಲಿದ್ದೇನೆ, ಕೂಡಲೇ ಕಳುಹಿಸಿ, ಯಾರಿಗೂ ಹೇಳಬೇಡಿ” ಎಂಬ ಮಾತುಗಳು ಒಟ್ಟಿಗೆ ಬಂದವೆಂದರೆ, ಅವಸರ ಮತ್ತು ಗುಟ್ಟು ಎರಡನ್ನೂ ಹೇರುವ ಆ ಕೋರಿಕೆಯನ್ನು ಅನುಮಾನದಿಂದ ನೋಡಲು ಅಷ್ಟೇ ಸಾಕು.

ಮುಖ ನೋಡಿ ಮಾತಾಡಿದೆ ಎಂಬ ಸಮಾಧಾನವೂ ಈಗ ಸಾಲದು. 2024ರಲ್ಲಿ ಬೆಳಕಿಗೆ ಬಂದ ಪ್ರಕರಣವೊಂದರಲ್ಲಿ, ಬ್ರಿಟನ್ ಮೂಲದ ಎಂಜಿನಿಯರಿಂಗ್ ಸಂಸ್ಥೆ ಅರುಪ್‌ನ ಹಾಂಗ್‌ಕಾಂಗ್ ಕಚೇರಿಯ ಉದ್ಯೋಗಿಯೊಬ್ಬರು ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್‌ಗಳನ್ನು ವಂಚಕರ ಖಾತೆಗಳಿಗೆ ವರ್ಗಾಯಿಸಿದರು. ಮೊದಲ ಇಮೇಲ್ ನೋಡಿದಾಗ ಅವರಿಗೆ ಅನುಮಾನ ಬಂದಿತ್ತು. ಆದರೆ ನಂತರ ನಡೆದ ವಿಡಿಯೊ ಸಭೆಯಲ್ಲಿ ತಮ್ಮ ಸಂಸ್ಥೆಯ ಹಿರಿಯರನ್ನೂ ಸಹೋದ್ಯೋಗಿಗಳನ್ನೂ ಕಂಡಾಗ ಆ ಅನುಮಾನ ಕರಗಿಹೋಯಿತು. ಅಲ್ಲಿ ಕಂಡ ಮುಖಗಳು, ಕೇಳಿದ ದನಿಗಳು ಕೃತಕವಾಗಿ ಸೃಷ್ಟಿಸಿದವು. ಆ ಸಭೆಯನ್ನು ಏರ್ಪಡಿಸಿದವರೂ ವಂಚಕರೇ ಆಗಿದ್ದರಿಂದ, ಪರಿಶೀಲನೆಯಂತೆ ತೋರಿದ್ದು ಹಳೆಯ ದಾರಿಯ ಮುಂದುವರಿಕೆಯಾಗಿತ್ತು. ಉದ್ಯೋಗಿಯೇ ತನ್ನಲ್ಲಿ ಮೊದಲೇ ಇದ್ದ ಆ ಹಿರಿಯರ ನಂಬರಿಗೆ ಒಂದು ಕರೆ ಮಾಡುವುದು ಇಂಥಲ್ಲಿ ಮಾಡಬೇಕಾದ ಕೆಲಸ.

ಮೂರನೆಯ ಹೆಜ್ಜೆ: ಸಂಖ್ಯೆಯನ್ನು ತುಂಬುವಾಗ

ಖಾತೆ ಸಂಖ್ಯೆಯನ್ನು ಎರಡು ಬಾರಿ ತುಂಬಲು ಕೇಳುವ ಕಡೆ, ಎರಡನೆಯ ಬಾರಿಯೂ ಮೂಲವನ್ನೇ ನೋಡಿ ತುಂಬಬೇಕು. ಮೊದಲು ತುಂಬಿದ್ದನ್ನು ನೋಡಿ ತುಂಬಿದರೆ ಮೊದಲ ತಪ್ಪೇ ಮರುಕಳಿಸುತ್ತದೆ. ಕಾಪಿ ಮಾಡಿ ಪೇಸ್ಟ್ ಮಾಡಿದ್ದರೆ ಕೊನೆಯ ನಾಲ್ಕು ಅಂಕಿಗಳನ್ನಾದರೂ ಮೂಲದೊಂದಿಗೆ ಹೋಲಿಸಿ, ಏಕೆಂದರೆ ಕಾಪಿ ಮಾಡಿದ ಸಂಖ್ಯೆಯ ಜಾಗದಲ್ಲಿ ಬೇರೆಯದನ್ನು ತೂರಿಸುವ ಕುತಂತ್ರಾಂಶಗಳೂ ಇವೆ. ಭಾರತದ ಖಾತೆಯಾದರೆ ಐಎಫ್‌ಎಸ್‌ಸಿ ಕೋಡ್ ಕೂಡ ಒಂದು ಸುಳಿವು ಕೊಡುತ್ತದೆ. ಅದರ 11 ಅಕ್ಷರ, ಅಂಕಿಗಳಲ್ಲಿ ಮೊದಲ ನಾಲ್ಕು ಬ್ಯಾಂಕನ್ನು ಸೂಚಿಸುತ್ತವೆ, ಐದನೆಯದು ಸೊನ್ನೆ, ಉಳಿದ ಆರು ಶಾಖೆಯನ್ನು ಸೂಚಿಸುತ್ತವೆ. ಕರೆಯಲ್ಲಿ ಹೇಳಿದ ಬ್ಯಾಂಕು, ಶಾಖೆಗಳೇ ಅಲ್ಲಿ ಮೂಡುತ್ತವೆಯೇ ಎಂದು ನೋಡಿ.

ಯುರೋಪು ಮತ್ತು ಇತರ ಹಲವು ದೇಶಗಳು ಬಳಸುವ, ಐಬ್ಯಾನ್ ಎಂಬ ಅಂತರರಾಷ್ಟ್ರೀಯ ಖಾತೆ ಸಂಖ್ಯೆಯಲ್ಲಿ ದೇಶದ ಎರಡಕ್ಷರಗಳ ನಂತರ ಎರಡು ತಪಾಸಣಾ ಅಂಕಿಗಳಿರುತ್ತವೆ. ಇಡೀ ಸಂಖ್ಯೆಯನ್ನು ನಿಗದಿತ ಕ್ರಮದಲ್ಲಿ ಜೋಡಿಸಿ 97ರಿಂದ ಭಾಗಿಸಿದಾಗ ಶೇಷ 1 ಬರಬೇಕು. ಒಂದಂಕಿ ತಪ್ಪಿದರೂ ಲೆಕ್ಕ ಕೂಡುವುದಿಲ್ಲ. ಬಹಳ ಜಾಣ್ಮೆಯ ಏರ್ಪಾಡು ಇದು. ಆದರೆ ಇದು ಹಿಡಿಯುವುದು ಕೈತಪ್ಪನ್ನು ಮಾತ್ರ. ವಂಚಕನ ಖಾತೆಯೂ ನಿಯಮಬದ್ಧವಾಗಿ ತೆರೆದ ಖಾತೆಯೇ ಆಗಿರುವುದರಿಂದ ಅವನ ಸಂಖ್ಯೆಯೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ.

ನಾಲ್ಕನೆಯ ಹೆಜ್ಜೆ: ಬ್ಯಾಂಕು ಹೇಳುವ ಹೆಸರನ್ನು ಓದಿ

ಆರಂಭದಲ್ಲಿ ಹೇಳಿದ ಬಿರುಕನ್ನು ಮುಚ್ಚುವ ಕೆಲಸ ಕಳೆದ ಕೆಲವು ವರ್ಷಗಳಲ್ಲಿ ನಡೆದಿದೆ. ನೆದರ್ಲೆಂಡ್ಸ್‌ನಲ್ಲಿ 2017ರಲ್ಲಿ, ಬ್ರಿಟನ್ನಿನಲ್ಲಿ 2020ರಲ್ಲಿ ಹೆಸರು ಮತ್ತು ಸಂಖ್ಯೆಯನ್ನು ಹೋಲಿಸುವ ಸೌಲಭ್ಯ ಶುರುವಾಯಿತು. ಯೂರೊ ಬಳಸುವ ದೇಶಗಳ ಬ್ಯಾಂಕುಗಳಿಗೆ ಇದು 2025ರ ಅಕ್ಟೋಬರ್ 9ರಿಂದ ಕಡ್ಡಾಯ. ನೆಫ್ಟ್ ಮತ್ತು ಆರ್‌ಟಿಜಿಎಸ್‌ಗೆ ಇಂಥ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ, ಗ್ರಾಹಕರಿಂದ ಶುಲ್ಕ ಪಡೆಯದೆ ಒದಗಿಸಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕ್ 2024ರ ಡಿಸೆಂಬರ್ 30ರಂದು ಬ್ಯಾಂಕುಗಳಿಗೆ ಸೂಚಿಸಿತು. ಯುರೋಪಿನ ಪದ್ಧತಿಯಲ್ಲಿ ನೀವು ತುಂಬಿದ ಹೆಸರು ಹೊಂದುತ್ತದೆಯೋ ಇಲ್ಲವೋ ಎಂಬ ಉತ್ತರ ಬರುತ್ತದೆ. ಭಾರತದ ಪದ್ಧತಿಯಲ್ಲಿ ಖಾತೆದಾರರ ಹೆಸರೇ ಪರದೆಯ ಮೇಲೆ ಕಾಣುತ್ತದೆ. ಒಂದನ್ನು ಮಾತ್ರ ಮರೆಯಬಾರದು: ಫಲಾನುಭವಿಯನ್ನು, ಅಂದರೆ ಹಣ ಪಡೆಯುವವರನ್ನು, ಸೇರಿಸುವಾಗ ನೀವೇ ಬರೆದ ಹೆಸರನ್ನೂ ಆ್ಯಪ್ ಮುಂದೆ ತೋರಿಸುತ್ತಿರುತ್ತದೆ. ಬ್ಯಾಂಕಿನ ದಾಖಲೆಯಿಂದ ಬಂದ ಹೆಸರು ಯಾವುದು, ನೀವು ಬರೆದದ್ದು ಯಾವುದು ಎಂದು ಬೇರ್ಪಡಿಸಿ ನೋಡಿ.

ಹೆಸರು ಪೂರ್ತಿ ಹೊಂದಿದರೆ ಮುಂದುವರಿಯಬಹುದು. ಸ್ವಲ್ಪ ವ್ಯತ್ಯಾಸವಿದ್ದರೆ ಅದಕ್ಕೆ ಸಹಜ ಕಾರಣಗಳಿರುವುದು ಸಾಧ್ಯ: ಇನಿಷಿಯಲ್‌ಗಳು ಹಿಂದುಮುಂದಾಗಿರಬಹುದು, ಖಾತೆ ಜಂಟಿಯಾಗಿರಬಹುದು, ಅಂಗಡಿಯ ಫಲಕದ ಹೆಸರು ಒಂದಾಗಿ ನೋಂದಣಿಯ ಹೆಸರು ಬೇರೆಯಾಗಿರಬಹುದು. ಆ ಕಾರಣವನ್ನು ನೀವೇ ಊಹಿಸಿಕೊಂಡು ಸಮಾಧಾನಪಡಬೇಡಿ. ಎರಡನೆಯ ಹೆಜ್ಜೆಯ ಕರೆಯನ್ನೇ ಮತ್ತೊಮ್ಮೆ ಮಾಡಿ. ಹೆಸರು ಹೊಂದದಿದ್ದರೆ ಅಲ್ಲಿಗೆ ನಿಲ್ಲಿಸಬೇಕು. “ಬ್ಯಾಂಕು ಎಚ್ಚರಿಕೆ ತೋರಿಸಬಹುದು, ಅದು ತಾಂತ್ರಿಕ ದೋಷ, ಗಮನಿಸಬೇಡಿ” ಎಂದು ಯಾರಾದರೂ ಮೊದಲೇ ಹೇಳಿಟ್ಟಿದ್ದರೆ, ಆ ಮಾತೇ ವಂಚನೆಯ ಗುರುತು. ನಿಮ್ಮ ಹಣಕ್ಕೆ ಅಪಾಯವಿದೆ, ಅದನ್ನು “ಸುರಕ್ಷಿತ ಖಾತೆ”ಗೆ ವರ್ಗಾಯಿಸಿ ಎಂದು ನಿಜವಾದ ಯಾವ ಬ್ಯಾಂಕೂ, ಯಾವ ಪೊಲೀಸ್ ಅಧಿಕಾರಿಯೂ ಹೇಳುವುದಿಲ್ಲ.

ಹೆಸರು ಹೊಂದಿದರೂ ಕಣ್ತೆರೆದಿರಬೇಕು ಎನ್ನುವುದಕ್ಕೆ ದೊಡ್ಡ ಉದಾಹರಣೆಯೊಂದಿದೆ. ಲಿಥುವೇನಿಯಾದ ಎವಾಲ್ದಾಸ್ ರಿಮಾಸೌಸ್ಕಾಸ್ ಎಂಬಾತ 2013ರಿಂದ 2015ರ ನಡುವೆ ಗೂಗಲ್ ಮತ್ತು ಫೇಸ್‌ಬುಕ್ ಸಂಸ್ಥೆಗಳಿಂದ 10 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಸುಳ್ಳು ಬಿಲ್ಲುಗಳ ಮೂಲಕ ತನ್ನ ಖಾತೆಗಳಿಗೆ ಹಾಕಿಸಿಕೊಂಡ. ಆ ಎರಡೂ ಸಂಸ್ಥೆಗಳು ವ್ಯವಹರಿಸುತ್ತಿದ್ದ ತೈವಾನಿನ ಕ್ವಾಂಟಾ ಕಂಪ್ಯೂಟರ್‌ನ ಹೆಸರಿನಲ್ಲೇ ಲಾಟ್ವಿಯಾದಲ್ಲಿ ಒಂದು ಕಂಪನಿಯನ್ನು ನೋಂದಾಯಿಸಿ, ಅದರ ಹೆಸರಿನಲ್ಲಿ ಲಾಟ್ವಿಯಾ ಮತ್ತು ಸೈಪ್ರಸ್‌ಗಳಲ್ಲಿ ಖಾತೆ ತೆರೆದಿದ್ದ. 2019ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅವನಿಗೆ ಐದು ವರ್ಷ ಸೆರೆವಾಸ ವಿಧಿಸಿತು. ಹೆಸರನ್ನಷ್ಟೇ ಹೋಲಿಸುವ ಪರೀಕ್ಷೆಗೆ ಇಂಥ ಖಾತೆ ಸಿಕ್ಕಿಬೀಳದೇ ಹೋಗಬಹುದು. ತೈವಾನಿನ ಕಂಪನಿಗೆ ಕೊಡಬೇಕಾದ ಹಣ ಲಾಟ್ವಿಯಾಕ್ಕೆ ಏಕೆ ಹೋಗಬೇಕು ಎಂಬ ಪ್ರಶ್ನೆಗೆ ಸಿಕ್ಕಿಬೀಳುತ್ತದೆ. ಹೆಸರಿನ ಜೊತೆಗೆ ದೇಶ, ಬ್ಯಾಂಕು, ಶಾಖೆಗಳು ಆ ವ್ಯಕ್ತಿಗೆ ಅಥವಾ ಸಂಸ್ಥೆಗೆ ಹೊಂದುತ್ತವೆಯೇ ಎಂದು ನೋಡಬೇಕಾದದ್ದು ಇದಕ್ಕಾಗಿಯೇ.

ಐದನೆಯ ಹೆಜ್ಜೆ: ಮೊದಲು ಸಣ್ಣ ಮೊತ್ತ

ದೊಡ್ಡ ಮೊತ್ತವನ್ನು ಹೊಸ ಖಾತೆಗೆ ಕಳುಹಿಸುವಾಗ ಮೊದಲು ಅಲ್ಪ ಹಣ ಕಳುಹಿಸಿ ನೋಡುವ ಪದ್ಧತಿ ಒಳ್ಳೆಯದೇ, ಆದರೆ ಅದನ್ನು ಸರಿಯಾಗಿ ಮಾಡಬೇಕು. ಸುಲಭವಾಗಿ ಊಹಿಸಲಾಗದಂಥ, ಬಿಡಿ ಅಂಕಿಗಳಿರುವ ಮೊತ್ತವನ್ನು ಕಳುಹಿಸಿ, ಎಷ್ಟು ಎಂಬುದನ್ನು ನೀವು ಹೇಳದೆ, ಹಳೆಯ ನಂಬರಿಗೆ ಕರೆ ಮಾಡಿ “ಎಷ್ಟು ಬಂದಿದೆ?” ಎಂದು ಅವರಿಂದಲೇ ಹೇಳಿಸಿ. ಬಿಲ್ ಬಂದ ಇಮೇಲ್ ವಿಳಾಸದಿಂದಲೇ “ಹಣ ಸೇರಿತು, ಧನ್ಯವಾದ” ಎಂಬ ಉತ್ತರ ಬಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಆ ಉತ್ತರ ಬರೆಯಲು ವಂಚಕನಿಗೂ ಬರುತ್ತದೆ. ಖಾತೆ ಸರಿಯೆಂದು ತಿಳಿದ ಮೇಲೆ ಅದನ್ನು ಫಲಾನುಭವಿಗಳ ಪಟ್ಟಿಯಲ್ಲಿ ಉಳಿಸಿ, ಮುಂದೆ ಅಲ್ಲಿಂದಲೇ ಆರಿಸಿ ಕಳುಹಿಸಿ.

ಹಣ ಹೋಗಿಬಿಟ್ಟಿದ್ದರೆ

ಯುರೋಪಿನ ತಕ್ಷಣದ ಪಾವತಿಯ ನಿಯಮದ ಪ್ರಕಾರ ಹಣ 10 ಸೆಕೆಂಡುಗಳಲ್ಲಿ ತಲುಪಬೇಕು. ಬೇರೆಡೆಯ ತಕ್ಷಣದ ವರ್ಗಾವಣೆಗಳೂ ಇಷ್ಟೇ ಚುರುಕು. ತಲುಪಿದ ಹಣವನ್ನು ವಂಚಕರು ನಿಮಿಷಗಳಲ್ಲಿ ಬೇರೆ ಬೇರೆ ಖಾತೆಗಳಿಗೆ ಹಂಚಿಬಿಡುತ್ತಾರೆ. ಆದ್ದರಿಂದ ಮೋಸ ಹೋದೆನೇ ಎಂಬ ಅನುಮಾನ ಬಂದ ಕೂಡಲೇ, ಪೂರ್ತಿ ಖಚಿತವಾಗಲಿ ಎಂದು ಕಾಯದೆ, ಕಾರ್ಡಿನ ಹಿಂಬದಿಯಲ್ಲಿರುವ ನಿಮ್ಮ ಬ್ಯಾಂಕಿನ ನಂಬರಿಗೆ ಕರೆ ಮಾಡಿ. ವಹಿವಾಟಿನ ಉಲ್ಲೇಖ ಸಂಖ್ಯೆ, ಸಮಯ, ಮೊತ್ತ, ಹಣ ಹೋದ ಖಾತೆಯ ವಿವರ ಹೇಳಿ, ಆ ಖಾತೆಯಿರುವ ಬ್ಯಾಂಕಿಗೆ ತಿಳಿಸಿ ಹಣವನ್ನು ತಡೆಹಿಡಿಸುವಂತೆ ಕೇಳಿ. ದೂರಿನ ಸಂಖ್ಯೆ ಪಡೆಯದೆ ಫೋನ್ ಇಡಬೇಡಿ. ಭಾರತದಲ್ಲಿ ಇದರ ಜೊತೆಗೇ ಸೈಬರ್ ವಂಚನೆಯ ದೂರುಗಳಿಗಾಗಿ ಇರುವ 1930 ಸಹಾಯವಾಣಿಗೆ ದೂರು ಕೊಡಬೇಕು. ಬ್ರಿಟನ್ನಿನಲ್ಲಿ ದೇಶದೊಳಗಿನ ಇಂಥ ವರ್ಗಾವಣೆಗಳಲ್ಲಿ ಮೋಸಹೋದ ಗ್ರಾಹಕರಿಗೆ ಕೆಲವು ಷರತ್ತುಗಳೊಂದಿಗೆ 85,000 ಪೌಂಡ್‌ವರೆಗೆ ಬ್ಯಾಂಕುಗಳೇ ತುಂಬಿಕೊಡಬೇಕೆಂಬ ನಿಯಮ 2024ರ ಅಕ್ಟೋಬರ್ 7ರಿಂದ ಜಾರಿಯಲ್ಲಿದೆ. ಅಂಥ ನಿಯಮ ಎಲ್ಲ ಕಡೆಯೂ ಇಲ್ಲ.

ವಂಚಕನೊಂದಿಗಿನ ಸಂದೇಶಗಳನ್ನು, ಬಿಲ್ಲನ್ನು, ಇಮೇಲನ್ನು ನಾಚಿಕೆಯಿಂದ ಅಳಿಸಬೇಡಿ. ತನಿಖೆಗೆ ಬೇಕಾಗುವುದು ಅವೇ. ಕೆಲವು ದಿನಗಳ ನಂತರ ಯಾರೋ ಕರೆ ಮಾಡಿ, ಕಳೆದುಹೋದ ಹಣವನ್ನು ಕೊಡಿಸುತ್ತೇವೆ, ಅದಕ್ಕೆ ಮುಂಗಡ ಶುಲ್ಕ ಕಟ್ಟಿ ಎಂದು ಇನ್ನೊಂದು ಖಾತೆ ಸಂಖ್ಯೆ ಕೊಟ್ಟರೆ, ಆ ಸಂಖ್ಯೆಗೆ ಏನನ್ನೂ ಕಳುಹಿಸದೆ ಅದನ್ನೂ ನಿಮ್ಮ ದೂರಿಗೆ ಸೇರಿಸಿ.