ಟಾವಿ ಕವಾಟವನ್ನು ಎದೆ ತೆರೆದು ತೆಗೆಸಬೇಕಾದಾಗ: ಉತ್ತರ ಕನ್ನಡದ ಕುಟುಂಬಗಳಿಗೆ ಮಾರ್ಗದರ್ಶಿ

ತೊಡೆಸಂದಿನ ರಕ್ತನಾಳದ ಮೂಲಕ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಬಾಯಿಯಲ್ಲಿ ಕೂರಿಸಿದ ಟಾವಿ (TAVI) ಕವಾಟ ಕೆಟ್ಟಿದೆ, ಇನ್ನು ಎದೆ ತೆರೆದು ಅದನ್ನು ಹೊರತೆಗೆಯಬೇಕು ಎಂದು ವೈದ್ಯರು ತಿಳಿಸಿದರೆ, ಹಳೆಯ ಕವಾಟದೊಳಗೇ ಮತ್ತೊಂದನ್ನು ಕೂರಿಸಲು ಏಕೆ ಆಗುವುದಿಲ್ಲವೆಂದು ಮೊದಲು ಕೇಳಿ. ಕವಾಟಕ್ಕೆ ಸೋಂಕು ತಗುಲಿದ್ದರೆ ಈ ಪ್ರಶ್ನೆಗೆ ಅವಕಾಶವೇ ಇಲ್ಲ. ಸೋಂಕಿದ ಲೋಹ ಮತ್ತು ಅಂಗಾಂಶಗಳನ್ನು ತೆಗೆಯಲೇಬೇಕಾಗುತ್ತದೆ. ಹೊಸ ಕವಾಟ ಅರಳುವಾಗ ಹಳೆಯದರ ತೆರೆದು ಮುಚ್ಚುವ ಎಸಳುಗಳು ಪಕ್ಕಕ್ಕೆ ಒತ್ತಲ್ಪಟ್ಟು ಹೃದಯದ ಸ್ವಂತ ರಕ್ತನಾಳಗಳ ಬಾಯಿ ಮುಚ್ಚುವ ಅಪಾಯ, ಚೌಕಟ್ಟಿನ ಸುತ್ತಲಿನ ದೊಡ್ಡ ಸೋರಿಕೆ, ದೇಹಕ್ಕೆ ಸಾಲದಷ್ಟು ಚಿಕ್ಕ ಕವಾಟ, ಇವೂ ಸಕಾರಣಗಳೇ. ಎಸಳು ಸವೆದದ್ದಷ್ಟೇ ಕಾರಣವಾಗಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಒಳ್ಳೆಯದು.

ಕವಾಟ ಕೂರಿಸಿದಾಗ ಕೊಟ್ಟ ಕಾರ್ಡನ್ನು ತಪ್ಪದೆ ಒಯ್ಯಬೇಕು; ಕಳೆದಿದ್ದರೆ ಆ ಆಸ್ಪತ್ರೆಯಿಂದ ಕವಾಟದ ಕಂಪನಿ, ಮಾದರಿ, ಅಳತೆ ಮತ್ತು ದಿನಾಂಕವನ್ನು ಬರೆಸಿಕೊಳ್ಳಬೇಕು. ಶಸ್ತ್ರಚಿಕಿತ್ಸಕರ ಕೆಲಸದ ರೀತಿಯೇ ಇದರಿಂದ ಬದಲಾಗುತ್ತದೆ. ತಾನಾಗಿ ಅರಳುವ ಕವಾಟಗಳ ಚೌಕಟ್ಟು ನಿಟಿನಾಲ್ ಎಂಬ ಮಿಶ್ರಲೋಹದ್ದು; ಮಂಜಿನಷ್ಟು ತಣ್ಣಗಿನ ಸಲೈನ್ ಸುರಿದಾಗ ಅದು ಮೆತ್ತಗಾಗಿ ಮುದುಡುತ್ತದೆ, ಆದರೆ ಎತ್ತರವಾಗಿರುವುದರಿಂದ ಮಹಾಪಧಮನಿಯನ್ನು ಮೇಲ್ಭಾಗದಲ್ಲಿ ಕೊಯ್ಯಬೇಕಾಗುತ್ತದೆ. ಬಲೂನಿನಿಂದ ಅರಳಿಸುವ ಕೋಬಾಲ್ಟ್-ಕ್ರೋಮಿಯಂ ಚೌಕಟ್ಟು ತಣ್ಣೀರಿಗೆ ಮಣಿಯುವುದಿಲ್ಲ; ಅದನ್ನು ಬಲವಾದ ಇಕ್ಕಳಗಳಲ್ಲಿ ಹಿಡಿದು ಒಳಮುಖವಾಗಿ ಮಡಚಿ ಬಿಡಿಸಬೇಕು. ವರ್ಷಗಳು ಕಳೆದ ಕವಾಟವಾದರೆ ಲೋಹದ ಜಾಲದ ಮೇಲೆ ರಕ್ತನಾಳದ ಒಳಪದರ ಬೆಳೆದು ಅಂಟಿಕೊಂಡಿರುತ್ತದೆ. ಪದರ ಪದರವಾಗಿ ಬಿಡಿಸುವಾಗ ಗೋಡೆ ಹರಿದರೆ ಮಹಾಪಧಮನಿಯ ಬುಡವನ್ನೇ ಬದಲಿಸಬೇಕಾದೀತು. ಪಕ್ಕದ ಮೈಟ್ರಲ್ ಕವಾಟಕ್ಕೂ ಪೆಟ್ಟಾಗಬಹುದು. ಆದ್ದರಿಂದ ಸಿಟಿ ಸ್ಕ್ಯಾನಿನ ವರದಿಯ ಕಾಗದ ಸಾಲದು, ಚಿತ್ರಗಳಿರುವ ಸಿಡಿಯನ್ನೂ ಒಯ್ಯಿರಿ.

ಹೊರದೇಶಗಳ ದಾಖಲೆಗಳಲ್ಲಿ ಇಂಥ ಶಸ್ತ್ರಚಿಕಿತ್ಸೆಯ ನಂತರ 30 ದಿನಗಳೊಳಗಿನ ಸಾವು ನೂರಕ್ಕೆ 10ನ್ನು ಮೀರಿದೆ. ತುರ್ತು ಸ್ಥಿತಿಯಲ್ಲಿ ಅಪಾಯ ಇನ್ನೂ ಹೆಚ್ಚು. ಏದುಸಿರು ಮಲಗಲು ಬಿಡದ ಹಂತಕ್ಕೆ ಮುಟ್ಟುವ ಮೊದಲೇ ದಿನ ನಿಗದಿ ಮಾಡಿಸಿಕೊಳ್ಳುವುದು ಜಾಣತನ.

ಜ್ವರದ ವಿಷಯದಲ್ಲಿ ನಮ್ಮ ಭಾಗದವರಿಗೆ ವಿಶೇಷ ಎಚ್ಚರ ಬೇಕು. ಮಳೆಗಾಲದಲ್ಲಿ ಇಲಿಜ್ವರ, ಡೆಂಗಿ, ಚಳಿಗಾಲದಿಂದ ಬೇಸಿಗೆಯವರೆಗೆ ಸಿದ್ದಾಪುರದ ಕಡೆ ಮಂಗನ ಕಾಯಿಲೆ ಎಂದು ಜ್ವರಕ್ಕೆ ಕಾರಣಗಳು ಬೇಕಾದಷ್ಟಿರುವುದರಿಂದ ಕವಾಟದ ಸೋಂಕು ಯಾರ ಗಮನಕ್ಕೂ ಬಾರದೆ ಉಳಿಯುವುದು ಸುಲಭ. ಕವಾಟ ಹಾಕಿಸಿಕೊಂಡವರಿಗೆ ಜ್ವರ ಬಂದರೆ ಮೆಡಿಕಲ್ ಅಂಗಡಿಯ ಆಂಟಿಬಯಾಟಿಕ್ ನುಂಗಿಸದೆ, ಕವಾಟದ ವಿಷಯ ಹೇಳಿ, ಔಷಧಿಗೆ ಮುಂಚೆ ರಕ್ತದ ಕಲ್ಚರ್ ತೆಗೆಸಿ. ಎರಡು ಗುಳಿಗೆ ಹೊಟ್ಟೆಗೆ ಹೋದ ಮೇಲೆ ರೋಗಾಣು ಕಲ್ಚರಿನಲ್ಲಿ ಬೆಳೆಯದೆ ಹೋಗಬಹುದು.

ಈ ಮಟ್ಟದ ಶಸ್ತ್ರಚಿಕಿತ್ಸೆಗೆ ಕಾರವಾರದವರಾಗಲಿ ಶಿರಸಿಯವರಾಗಲಿ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಬೆಂಗಳೂರು ಅಥವಾ ಗೋವಾದ ಕಡೆಯೇ ನೋಡಬೇಕು. ಊರಿನ ದೂರಕ್ಕಿಂತ, ಮಹಾಪಧಮನಿಯ ಬುಡ ಬದಲಿಸುವ ಶಸ್ತ್ರಚಿಕಿತ್ಸೆ ಅಲ್ಲಿ ರೂಢಿಯಲ್ಲಿದೆಯೇ, ಟಾವಿ ಕವಾಟವನ್ನು ಹಿಂದೆ ತೆಗೆದಿದ್ದಾರೆಯೇ ಎಂಬುದನ್ನು ನೋಡಿ ಆಸ್ಪತ್ರೆ ಆರಿಸಿಕೊಳ್ಳಿ. ಹೀಗೆ ಕೇಳುವುದರಲ್ಲಿ ಸಂಕೋಚ ಬೇಡ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋದದ್ದು ನೆನಪಿದ್ದರೆ, ಮಳೆಗಾಲದಲ್ಲಿ ಎರಡು ಮೂರು ದಿನ ಮುಂಚಿತವಾಗಿಯೇ ಆಸ್ಪತ್ರೆಯ ಊರು ಸೇರಿಕೊಳ್ಳುವುದು ಏಕೆ ಲೇಸೆಂದು ಬೇರೆ ಹೇಳಬೇಕಿಲ್ಲ. ಹೊರಡುವ ಮುನ್ನ ಹಲ್ಲಿನ ಪರೀಕ್ಷೆ ಮುಗಿಸಿ, ರಕ್ತ ತೆಳುವಾಗಿಸುವ ಗುಳಿಗೆಗಳನ್ನು ಎಂದಿನಿಂದ ನಿಲ್ಲಿಸಬೇಕೆಂದು ಶಸ್ತ್ರಚಿಕಿತ್ಸಕರಿಂದಲೇ ಬರೆಸಿಕೊಳ್ಳಿ, ತಾವಾಗಿ ನಿಲ್ಲಿಸಬೇಡಿ.

ಎದೆಮೂಳೆ ಕೂಡಿಕೊಳ್ಳಲು ಸುಮಾರು 6ರಿಂದ 8 ವಾರ ಬೇಕು. ಅಡಿಕೆಯ ಕೊನೆಕೊಯ್ಲಿನ ಕಾಲವಾದರೂ ತೋಟದಲ್ಲಿ ಭಾರ ಎತ್ತುವುದು, ಬೈಕ್ ಓಡಿಸುವುದು ಆ ತನಕ ಸಲ್ಲದು. ಹೃದಯದ ಬಡಿತ ನಿಧಾನವಾದರೆ ಪೇಸ್‌ಮೇಕರ್ ಹಾಕಬೇಕಾದೀತು. ಹೊಸದಾಗಿ ಲೋಹದ (ಮೆಕ್ಯಾನಿಕಲ್) ಕವಾಟ ಹಾಕಿದ್ದರೆ ರಕ್ತ ತೆಳುವಾಗಿಸುವ ವಾರ್ಫರಿನ್ ಜೀವನಪರ್ಯಂತ ಬೇಕಾಗುವುದರಿಂದ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಪಿಟಿ-ಐಎನ್‌ಆರ್ ಪರೀಕ್ಷೆಯನ್ನು ಹತ್ತಿರದಲ್ಲಿ ಎಲ್ಲಿ ಮಾಡಿಸಬಹುದು, ಫಲಿತಾಂಶವನ್ನು ಯಾರಿಗೆ ಕಳಿಸಬೇಕು ಎಂಬುದನ್ನು ಡಿಸ್ಚಾರ್ಜ್ ಆಗುವ ಮುನ್ನವೇ ಗೊತ್ತುಮಾಡಿಕೊಳ್ಳಿ.