ಚಾರ್ಮಾಡಿಯಲ್ಲಿ ಕಿವಿ ಪಳಗಿಸಿ ಹ್ಯಾವ್‌ಲಾಕ್‌ನಲ್ಲಿ ಮುಳುಗಿದೆವು

ಮನೆಮಂದಿಯನ್ನು ಸ್ಕೂಬಾಕ್ಕೆ, ಅಂದರೆ ಗಾಳಿಯ ಟ್ಯಾಂಕ್ ಹೊತ್ತು ಸಮುದ್ರದಲ್ಲಿ ಮುಳುಗುವುದಕ್ಕೆ, ಕರೆದುಕೊಂಡು ಹೋದವರಿಗೆ ಗೊತ್ತು, ಕೈಕೊಡುವುದು ಸಮುದ್ರಕ್ಕಿಂತ ಜಾಸ್ತಿ ಕಿವಿ. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೊರಟಾಗ ಒಮ್ಮೆ ಅಲೆ ಜೋರಿದೆ ಅಂತ ಬೋಟೇ ಬಿಡಲಿಲ್ಲ. ಅಡ್ವಾನ್ಸ್‌ನಲ್ಲಿ ಅರ್ಧ ವಾಪಸ್ ಬರಲೇ ಇಲ್ಲ. ಆಮೇಲೆ ಹೋದಾಗ ಸಮುದ್ರ ತಣ್ಣಗಿತ್ತು, ಆದರೆ ನಮ್ಮ ಮನೆಯವರು ಮೂರು ಮೀಟರಿಗೇ ಕಿವಿ ಹಿಡಿದುಕೊಂಡು ಮೇಲೆ ಬಂದರು. ಅಮ್ಮನ ಮುಖ ನೋಡಿದ ಮಗಳು ನೀರಿಗೇ ಇಳಿಯಲಿಲ್ಲ. ಹತ್ತು ಸಾವಿರದ ಹತ್ತಿರ ದುಡ್ಡು, ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ನಮ್ಮದು ಮೂಡಿಗೆರೆ ಕಡೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಕಿವಿ ಕಟ್ಟುವುದು ನಮಗೆ ಹೊಸದಲ್ಲ. ಘಾಟಿ ಪೂರ್ತಿ ಇಳಿದರೆ ಕಿವಿಗೆ ಬೀಳುವ ಒತ್ತಡ ನೀರಲ್ಲಿ ಹೆಚ್ಚುಕಮ್ಮಿ ಒಂದು ಮೀಟರ್ ಇಳಿದಷ್ಟು. ಅಷ್ಟೇನಾ ಅನ್ನಬೇಡಿ. ಕಿವಿ ಕಾಟ ಕೊಡುವುದೇ ಮೊದಲ ಕೆಲವು ಮೀಟರುಗಳಲ್ಲಿ ಅಲ್ವಾ? ಘಾಟಿಯಲ್ಲಿ ಅದು ನಿಧಾನಕ್ಕೆ ಏರುತ್ತದೆ. ಹೆದರಿಕೆ ಇಲ್ಲ, ಬಿಲ್ಲೂ ಇಲ್ಲ. ಹಾಗಾಗಿ ಅಭ್ಯಾಸ ಅಲ್ಲೇ ಮಾಡಿದೆವು.

ಪ್ರತಿ ತಿರುವಿಗೂ ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಬೇಕು. ಎರಡೂ ಕಿವಿಯಲ್ಲಿ ‘ಟಿಕ್’ ಅನ್ನಬೇಕು. ಕಿವಿ ಕಟ್ಟುವ ಮೊದಲೇ ಊದಬೇಕು, ಕಟ್ಟಿದ ಮೇಲೆ ಬಲ ಹಾಕುವಂತಿಲ್ಲ. ಮನೆಯವರಿಗೆ ಎಡಗಿವಿ ಯಾವಾಗಲೂ ತಡ. ತಲೆಯನ್ನು ಬಲಕ್ಕೆ ವಾಲಿಸಿ, ಎಡಗಿವಿ ಮೇಲೆ ಬರುವ ಹಾಗೆ ಮಾಡಿ, ದವಡೆ ಸ್ವಲ್ಪ ಮುಂದೆ ತಂದರೆ ಅದೂ ಬಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಅವರಿಗೆ ಏನು ಕುಡಿಸುತ್ತಿದ್ದೆ ಅನ್ನುವುದು ನನ್ನ ಹತ್ತಿರವೇ ಇರಲಿ. ನೆಗಡಿ ಇದ್ದ ದಿನ ಮಾತ್ರ ಅಭ್ಯಾಸವೂ ಇಲ್ಲ, ಡೈವೂ ಇಲ್ಲ. ಮಾತ್ರೆ ನುಂಗಿ ಇಳಿಯುವವರಿದ್ದಾರೆ. ಕೆಳಗಿರುವಾಗ ಮಾತ್ರೆಯ ಶಕ್ತಿ ಮುಗಿದರೆ ಮೇಲೆ ಬರುವಾಗ ಕಿವಿ ಕಟ್ಟಿಕೊಳ್ಳುತ್ತದೆ, ಅದು ಇನ್ನೂ ಕಷ್ಟ.

“ಅಲ್ಲ ಭಾವ, ಘಾಟಿಯಲ್ಲಿ ಮೂಗು ಹಿಡ್ಕೊಂಡು ಸ್ಕೂಬಾ ಕಲಿಯೋದಾ?” ಅಂತ ಭಾಮೈದ ಸಿಕ್ಕಿದವರಿಗೆಲ್ಲ ಹೇಳಿಕೊಂಡು ನಕ್ಕ. ಅಂಡಮಾನಿನ ಹ್ಯಾವ್‌ಲಾಕ್‌ಗೆ ಏಪ್ರಿಲ್‌ನಲ್ಲಿ ಹೊರಟೆವು ಅಂದಾಗ ಇನ್ನೂ ನಕ್ಕ. ಎಲ್ಲರೂ ಹೋಗುವ ಡಿಸೆಂಬರಿನಲ್ಲಿ ಅರೇಬಿಕಾ ಕಾಫಿ ಹಣ್ಣು ಗಿಡದಲ್ಲಿರುತ್ತದೆ, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ. ಕೊಯ್ಲು ಬಿಟ್ಟು ಯಾವ ಬೆಳೆಗಾರ ಹೋಗುತ್ತಾನೆ? ಕಾಫಿ ಹೂ ಅರಳಲು ಬೇಕಾದ ನೀರು ಕೊಟ್ಟು, ಮಗಳ ಪರೀಕ್ಷೆಯೂ ಮುಗಿದ ಮೇಲೆ ಹೊರಟೆವು. ಆಗ ಸೆಕೆ ನಿಜ, ಆದರೆ ಅಲೆ ಕಡಿಮೆ, ನೀರು ತಿಳಿ. ಕ್ರಿಸ್‌ಮಸ್ ಹೊತ್ತಿನ ರೂಮ್ ರೇಟಿಗೂ ನಾವು ಕೊಟ್ಟಿದ್ದಕ್ಕೂ ಮೂರನೇ ಒಂದು ಪಾಲು ವ್ಯತ್ಯಾಸ ಇತ್ತು. ವಿಮಾನ, ಫೆರ್ರಿ, ಡೈವ್ ಎಲ್ಲ ಸೇರಿ ನಾಲ್ವರಿಗೆ ಒಂದೂವರೆ ಲಕ್ಷದ ಆಸುಪಾಸು. ಡೈವ್‌ನವರ ಹತ್ತಿರ ರೇಟ್ ಇಳಿಸಿದ್ದು ಹೇಗೆ ಅಂತ ಕೇಳಬೇಡಿ.

ಮಗನಿಗೆ ಎಂಟು ವರ್ಷ. 10 ತುಂಬದೆ ಸಮುದ್ರದಲ್ಲಿ ಟ್ಯಾಂಕ್ ಹಾಕಿಸುವುದಿಲ್ಲ, ಸರಿಯೇ. ಹಾಗಾಗಿ ಗಂಡ ಹೆಂಡತಿ ಒಟ್ಟಿಗೆ ಇಳಿಯುವ ಆಸೆ ಬಿಟ್ಟೆವು. ಒಬ್ಬರು ನೀರಲ್ಲಿ, ಒಬ್ಬರು ದಡದಲ್ಲಿ ಅವನ ಜೊತೆ. ಅವನಿಗೆ ಎಲಿಫೆಂಟ್ ಬೀಚಿನಲ್ಲಿ ಸ್ನಾರ್ಕೆಲ್, ಅಂದರೆ ಕೊಳವೆಯಲ್ಲಿ ಉಸಿರಾಡುತ್ತಾ ನೀರ ಮೇಲೇ ತೇಲುವುದು. ಮಾಸ್ಕ್ ಮಾತ್ರ ನಮ್ಮದೇ. ಹೊಸ ಮಾಸ್ಕಿನ ಗಾಜನ್ನು ಒಳಗಿನಿಂದ ಟೂತ್‌ಪೇಸ್ಟ್ ಹಾಕಿ ಉಜ್ಜಿದ್ದರಿಂದ ಮಂಜು ಕಟ್ಟಲಿಲ್ಲ. ಅಂಟುವಾಳದ ನೊರೆಯನ್ನೂ ತೋಟದ ಕೆರೆಯಲ್ಲಿ ಪರೀಕ್ಷೆ ಮಾಡಿದ್ದೆ. ಮಂಜು ಹೋಯಿತು, ಕಣ್ಣು ಉರಿದು ಸಾಕಾಯಿತು.

ಹ್ಯಾವ್‌ಲಾಕ್ ಅಂದರೆ ಈಗಿನ ಸ್ವರಾಜ್ ದ್ವೀಪ. ಹೊಸಬರನ್ನು 12 ಮೀಟರಿಗಿಂತ ಕೆಳಗೆ ಬಿಡುವುದಿಲ್ಲ. ಮನೆಯವರು ಎಂಟು ಮೀಟರ್ ಇಳಿದರು. ಹಗ್ಗ ಹಿಡಿದು ಇಳಿಯುವಾಗ ಅವರ ತಲೆ ಬಲಕ್ಕೆ ವಾಲಿತ್ತಂತೆ. ಮಗಳು ಇನ್‌ಸ್ಟ್ರಕ್ಟರ್ ಹೇಳುವ ಮೊದಲೇ ಮೂಗು ಹಿಡಿಯುತ್ತಿದ್ದಳಂತೆ. “ಎಲ್ಲಿ ಕಲಿತೆ?” ಅಂತ ಅವರು ಕೇಳಿದ್ದಕ್ಕೆ “ಘಾಟಿಯಲ್ಲಿ” ಅಂದಳು.

ಡೈವ್‌ಗಳನ್ನೆಲ್ಲ ಮೊದಲ ದಿನಗಳಿಗೇ ಹಾಕಿ, ಸೆಲ್ಯುಲಾರ್ ಜೈಲು ನೋಡುವುದನ್ನು ಕೊನೆಗಿಟ್ಟಿದ್ದೆ. ಡೈವ್ ಆದ ಕೂಡಲೇ ಎತ್ತರಕ್ಕೆ ಹೋದರೆ ಮೈಗೆ ಅಪಾಯ, ಅದಕ್ಕೆ ಒಂದೇ ಡೈವ್ ಆದರೆ ವಿಮಾನ ಹತ್ತಲು 12 ಗಂಟೆ, ಜಾಸ್ತಿ ಆದರೆ 18 ಗಂಟೆ ಬಿಡಬೇಕು. ನೇತ್ರಾಣಿಗೆ ಹೋಗುವ ನಮ್ಮ ಕಡೆಯವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಚಿಕ್ಕಮಗಳೂರು ಸಾವಿರ ಮೀಟರ್ ಎತ್ತರದಲ್ಲಿದೆ, ಮಧ್ಯಾಹ್ನ ಡೈವ್ ಮುಗಿಸಿ ಸಂಜೆಗೇ ಘಾಟಿ ಹತ್ತಿದರೆ ಅದೂ ವಿಮಾನದ ಲೆಕ್ಕವೇ. ಆ ರಾತ್ರಿ ಮುರುಡೇಶ್ವರದಲ್ಲೇ ರೂಮ್ ಮಾಡಿ.