ಭಾಗವತರ ದನಿ ನಡುವೆ ಬಂದು ನಿಂತದ್ದು

ಸಾಗರದ ನಮ್ಮ ಮನೆಯಲ್ಲಿ ಅಮ್ಮನಿಗೆ ಸಂಜೆಯ ಧಾರಾವಾಹಿ ಬೇಕು, ಅಪ್ಪನಿಗೆ ಯಕ್ಷಗಾನ ಬೇಕು. ಅಮ್ಮನಿಗೆ ಈಚೆಗೆ ಕಿವಿ ಸ್ವಲ್ಪ ಮಂದ. ಹೊಸ ಟೀವಿ ತಂದ ಮೇಲೆ ಅವರ ಕಷ್ಟ ಜಾಸ್ತಿಯಾಯಿತು. ಈಗಿನ ತೆಳ್ಳನೆಯ ಟೀವಿಗಳಲ್ಲಿ ಸ್ಪೀಕರ್ ಚಿಕ್ಕವು. ಅವೂ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತವೆ. ಮಾತು ಗೋಡೆಗೆ ಬಡಿದು ಬರುತ್ತದೆ.

ಅದಕ್ಕೇ ಬೆಂಗಳೂರಿನಲ್ಲಿ ನಾನು ಬಳಸುತ್ತಿದ್ದ 5.1 ರಿಸೀವರ್ (ಸದ್ದನ್ನು ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ), ಐದು ಸ್ಪೀಕರ್, ತಗ್ಗು ಸ್ವರಕ್ಕೆ ಅಂತಲೇ ಇರುವ ಒಂದು ಸಬ್‌ವೂಫರ್ ಕಟ್ಟಿಕೊಂಡು ಊರಿಗೆ ಹೋದೆ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲ ಜೋಡಿಸಿ ಆನ್ ಮಾಡಿದೆ. ಅಮ್ಮ ಹತ್ತು ನಿಮಿಷ ನೋಡಿ, "ಸದ್ದು ಜೋರಾಗಿದೆ ಕಣೋ, ಮಾತೇ ತಿಳಿಯಲ್ಲ" ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಯಾಕೆ ಹಾಗಾಯಿತು ಅಂತ ಹುಡುಕಲು ನನಗೆ ಎರಡು ದಿನ ಹಿಡಿಯಿತು. ಒಂದು ಪೆಟ್ಟಿಗೆಯೂ ಕೆಟ್ಟಿರಲಿಲ್ಲ. ತಪ್ಪೆಲ್ಲ ವೈರಿನಲ್ಲಿ ಮತ್ತು ಸೆಟ್ಟಿಂಗಿನಲ್ಲಿತ್ತು.

ಮೊದಲು ಒಂದು ಹಾಳೆ ತೆಗೆದುಕೊಂಡು ಚಿತ್ರ ಬರೆದೆ. ಟೀವಿ, ರಿಸೀವರ್, ಸೆಟ್‌ಟಾಪ್ ಬಾಕ್ಸ್, ಅಪ್ಪನ ಹಳೆಯ ಡಿವಿಡಿ ಪ್ಲೇಯರ್. ಚಿತ್ರ ಹೋಗುವ ದಾರಿಗೆ ಒಂದು ಬಣ್ಣ, ಸದ್ದು ಹೋಗುವ ದಾರಿಗೆ ಇನ್ನೊಂದು. ಸೆಟ್‌ಟಾಪ್ ಬಾಕ್ಸಿನಿಂದ ಎಚ್‌ಡಿಎಂಐ ಕೇಬಲ್ ರಿಸೀವರ್‌ಗೆ ಬರಬೇಕು. ರಿಸೀವರ್ ಸದ್ದನ್ನು ತಾನು ಇಟ್ಟುಕೊಂಡು ಚಿತ್ರವನ್ನು ಇನ್ನೊಂದು ಎಚ್‌ಡಿಎಂಐ ಕೇಬಲ್ಲಿನಲ್ಲಿ ಟೀವಿಗೆ ಕಳಿಸಬೇಕು. ಇಷ್ಟು ಸುಲಭ. ಗೊಂದಲ ಶುರುವಾಗುವುದು ಟೀವಿಯ ಒಳಗೇ ಇರುವ ಆ್ಯಪ್‌ಗಳಿಂದ. ಅಪ್ಪ ಯಕ್ಷಗಾನ ನೋಡುವುದು ಟೀವಿಯ ಯೂಟ್ಯೂಬ್‌ನಲ್ಲಿ. ಅಲ್ಲಿ ಸದ್ದು ಹುಟ್ಟುವುದೇ ಟೀವಿಯಲ್ಲಿ. ಅದು ಅಲ್ಲಿಂದ ರಿಸೀವರ್‌ಗೆ ವಾಪಸ್ ಬರಬೇಕು, ಅಲ್ವಾ?

ಆ ವಾಪಸ್ ದಾರಿಗೇ ಎಆರ್‌ಸಿ ಅಂತ ಹೆಸರು. 2009ರಲ್ಲಿ ಬಂದ ಎಚ್‌ಡಿಎಂಐ 1.4ರಿಂದ ಈ ಸೌಕರ್ಯ ಇದೆ. ಟೀವಿಗೆ ಚಿತ್ರ ಒಯ್ಯುವ ಅದೇ ಕೇಬಲ್ ಟೀವಿಯ ಸದ್ದನ್ನು ಹಿಂದಕ್ಕೆ ತರುತ್ತದೆ. ಆದರೆ ಟೀವಿಯ ಎಲ್ಲ ಎಚ್‌ಡಿಎಂಐ ಕಿಂಡಿಗಳಲ್ಲೂ ಇದು ಇರುವುದಿಲ್ಲ. ಸಾಮಾನ್ಯವಾಗಿ ಒಂದರಲ್ಲಿ ಮಾತ್ರ ಇರುತ್ತದೆ, ಅದರ ಪಕ್ಕದಲ್ಲಿ ಎಆರ್‌ಸಿ ಅಂತ ಬರೆದಿರುತ್ತದೆ. ನಾನು ಕೈಗೆ ಸಿಕ್ಕ ಕಿಂಡಿಗೆ ಸಿಕ್ಕಿಸಿದ್ದೆ. ಚಿತ್ರ ಬಂತು, ಸೆಟ್‌ಟಾಪ್ ಬಾಕ್ಸಿನ ಸದ್ದೂ ಬಂತು, ಯೂಟ್ಯೂಬ್ ಮಾತ್ರ ಮೂಕ. ಟೀವಿಯ ಹಿಂದೆ ಟಾರ್ಚ್ ಬಿಟ್ಟು ನೋಡಿ ಕಿಂಡಿ ಬದಲಿಸಿದೆ. ರಿಸೀವರ್ ಮತ್ತು ಟೀವಿ ಎರಡರ ಮೆನುವಿನಲ್ಲೂ ಸಿಇಸಿ ಎಂಬುದನ್ನು, ಅಂದರೆ ಪೆಟ್ಟಿಗೆಗಳು ಎಚ್‌ಡಿಎಂಐ ಕೇಬಲ್ಲಿನಲ್ಲೇ ಒಂದಕ್ಕೊಂದು ಆಜ್ಞೆ ಕಳಿಸುವ ಸೌಕರ್ಯವನ್ನು, ಆನ್ ಮಾಡಿದೆ. ಇದನ್ನು ಸ್ಯಾಮ್‌ಸಂಗ್ ಎನಿನೆಟ್ ಪ್ಲಸ್ ಅಂತ, ಎಲ್‌ಜಿ ಸಿಂಪ್ಲಿಂಕ್ ಅಂತ, ಸೋನಿ ಬ್ರಾವಿಯಾ ಸಿಂಕ್ ಅಂತ ಕರೆಯುತ್ತವೆ. ಸಿಇಸಿ ಆನ್ ಆದರೆ ಇನ್ನೊಂದು ಲಾಭವಿದೆ. ಟೀವಿ ರಿಮೋಟಿನಲ್ಲೇ ರಿಸೀವರ್‌ನ ವಾಲ್ಯೂಮ್ ಏರಿಸಿ ಇಳಿಸಬಹುದು. ಮನೆಯಲ್ಲಿ ಹಿರಿಯರಿದ್ದರೆ ಒಂದೇ ರಿಮೋಟ್ ಸಾಕಾಗುವುದು ದೊಡ್ಡ ಅನುಕೂಲ.

ಈಗ ಸದ್ದು ಬಂತು. ಆದರೆ ನಡುವಿನ ಸೆಂಟರ್ ಸ್ಪೀಕರ್‌ಗೆ ಕಿವಿ ಇಟ್ಟರೆ ನಿಶ್ಶಬ್ದ. 5.1 ಇರುವ ಸಿನಿಮಾಗಳಲ್ಲಿ ಮಾತು ಬಹುಪಾಲು ಬರುವುದೇ ಆ ಸ್ಪೀಕರಿನಿಂದ. ಒಂದು ಆ್ಯಪ್‌ನಲ್ಲಿ 5.1 ಅಂತ ತೋರಿಸುವ ಸಿನಿಮಾ ಹಾಕಿದರೂ ರಿಸೀವರ್‌ನ ಮುಖದಲ್ಲಿ ಸ್ಟೀರಿಯೊ ಅಂತಲೇ ಇತ್ತು. ಟೀವಿಯ ಸೌಂಡ್ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ ಎಂಬ ಆಯ್ಕೆ ಇದೆ. ಅದು ಪಿಸಿಎಂನಲ್ಲಿ ಕೂತಿತ್ತು. ಎಆರ್‌ಸಿಯಲ್ಲಿ ಪಿಸಿಎಂ, ಅಂದರೆ ಕುಗ್ಗಿಸದ ಸದ್ದು, ಎರಡೇ ಚಾನೆಲ್ ಬರುತ್ತದೆ: ಎಡ ಸ್ಪೀಕರಿನದು, ಬಲ ಸ್ಪೀಕರಿನದು. ಆರು ಚಾನೆಲ್‌ಗಳನ್ನು ಕಳಿಸಬೇಕಾದರೆ ಡಾಲ್ಬಿ ಡಿಜಿಟಲ್‌ನ ಹಾಗೆ ಕುಗ್ಗಿಸಿ ಕಳಿಸಬೇಕು. ಆಟೋ ಅಂತ ಮಾಡಿದ ತಕ್ಷಣ ರಿಸೀವರ್ ಡಾಲ್ಬಿ ಅಂತ ತೋರಿಸಿತು, ಸೆಂಟರ್ ಸ್ಪೀಕರ್ ಮಾತಾಡಿತು. ಕೆಲವು ಟೀವಿಗಳಲ್ಲಿ ಇದೇ ಆಯ್ಕೆಗೆ ಬಿಟ್‌ಸ್ಟ್ರೀಮ್ ಅಥವಾ ಪಾಸ್ ಥ್ರೂ ಅಂತ ಹೆಸರಿರುತ್ತದೆ. ಟೀವಿ, ರಿಸೀವರ್ ಎರಡರಲ್ಲೂ ಎಆರ್‌ಸಿಯ ಹೊಸ ರೂಪವಾದ ಇ-ಎಆರ್‌ಸಿ ಇದ್ದರೆ ಕುಗ್ಗಿಸದ ಸದ್ದೂ ಎಂಟು ಚಾನೆಲ್‌ವರೆಗೆ ಬರುತ್ತದೆ. ನನ್ನ ರಿಸೀವರ್ ಹಳೆಯದು, ಅದರಲ್ಲಿಲ್ಲ. ನಮ್ಮ ಮನೆಗೆ ಅದು ಬೇಕೂ ಇರಲಿಲ್ಲ.

ಅಮ್ಮನ ಧಾರಾವಾಹಿ ಬರುತ್ತಿದ್ದದ್ದು ಸ್ಟೀರಿಯೊದಲ್ಲಿ. ಅಲ್ಲಿ ಸೆಂಟರ್‌ಗೆ ಅಂತ ಬೇರೆ ಚಾನೆಲ್ಲೇ ಇಲ್ಲ. ಅದಕ್ಕೆ ರಿಸೀವರ್‌ನಲ್ಲಿ ಡಾಲ್ಬಿ ಸರೌಂಡ್ ಮೋಡ್ ಹಾಕಿದೆ. ಹಳೆಯ ರಿಸೀವರ್‌ಗಳಲ್ಲಿ ಅದರ ಬದಲು ಪ್ರೊ ಲಾಜಿಕ್ ಇರುತ್ತದೆ. ಎಡ ಬಲ ಎರಡರಲ್ಲೂ ಒಂದೇ ಸಮನಾಗಿ ಇರುವ ಸದ್ದನ್ನು ಅದು ಹೆಕ್ಕಿ ನಡುವಿನ ಸ್ಪೀಕರ್‌ಗೆ ಕೊಡುತ್ತದೆ. ಹಾಗೆ ಇರುವುದು ಹೆಚ್ಚಾಗಿ ಮಾತೇ.

ರಾತ್ರಿ ಅಪ್ಪ ಯಕ್ಷಗಾನ ಹಾಕಿದರು. ಸಂಗೀತಕ್ಕೆ ಸ್ಟೀರಿಯೊ ಚೆನ್ನ ಅಂತ ನಾನು ಆ ಮೋಡ್ ತೆಗೆದು ಮುಂದಿನ ಎರಡೇ ಸ್ಪೀಕರಿನಲ್ಲಿ ಕೇಳಿಸಿದೆ. ಅಪ್ಪ ಸ್ವಲ್ಪ ಹೊತ್ತು ಕೇಳಿ, "ಭಾಗವತರು ಎಲ್ಲಿ ಕೂತಿದಾರೆ ಅಂತಲೇ ತಿಳೀತಿಲ್ಲ ಮಾರಾಯ" ಎಂದರು. ರಂಗದಲ್ಲಿ ಭಾಗವತರು ಹಿಂದೆ, ನಡುವೆ ಕೂರುತ್ತಾರೆ. ದನಿ ಅಲ್ಲಿಂದಲೇ ಬರಬೇಕು. ನಮ್ಮ ಮನೆಯಲ್ಲಿ ಅದು ಎಡದಲ್ಲೂ ಇರಲಿಲ್ಲ, ಬಲದಲ್ಲೂ ಇರಲಿಲ್ಲ, ತಲೆಯ ಸುತ್ತ ಎಲ್ಲೋ ತೇಲುತ್ತಿತ್ತು. ಮದ್ದಳೆಯ ದಪ್ಪ ದನಿಯಂತೂ ಮಾಯವಾಗಿತ್ತು.

ಅಪ್ಪನ ಆ ಒಂದು ಮಾತು ನನಗೆ ದಾರಿ ತೋರಿಸಿತು. ಪ್ರತಿ ಸ್ಪೀಕರ್‌ಗೂ ಎರಡು ಎಳೆ, ಕೆಂಪು ಮತ್ತು ಕಪ್ಪು. ಒಂದು ಸ್ಪೀಕರಿನಲ್ಲಿ ಮಾತ್ರ ಇವು ಅದಲು ಬದಲಾದರೆ ಆ ಸ್ಪೀಕರಿನಲ್ಲಿ ಅದುರಿ ಸದ್ದು ಮಾಡುವ ಪರದೆ ಮುಂದೆ ಬರಬೇಕಾದಾಗ ಹಿಂದೆ ಹೋಗುತ್ತದೆ. ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ನಡುವೆ ನಿಲ್ಲಬೇಕಾದ ದನಿ ಚದುರುತ್ತದೆ, ತಗ್ಗು ಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಏನೂ ಸುಡುವುದಿಲ್ಲ, ಸದ್ದು ಬರುತ್ತಲೇ ಇರುತ್ತದೆ. ಅದಕ್ಕೇ ಈ ತಪ್ಪು ವರ್ಷಗಟ್ಟಲೆ ಹಾಗೇ ಉಳಿದುಬಿಡುತ್ತದೆ.

ಭಾನುವಾರ ಬೆಳಿಗ್ಗೆ ಎಲ್ಲದರ ಪ್ಲಗ್ ತೆಗೆದು ವೈರ್‌ಗಳನ್ನು ಒಂದೊಂದಾಗಿ ನೋಡಿದೆ. ನನ್ನ ವೈರಿನ ಒಂದು ಎಳೆಯ ಮೇಲೆ ಸಣ್ಣ ಕೆಂಪು ಗೆರೆ ಇದೆ. ಎಡ ಸ್ಪೀಕರಿನ ಹತ್ತಿರ ಆ ಗೆರೆಯ ಎಳೆ ಕೆಂಪಿಗೇ ಹೋಗಿತ್ತು, ರಿಸೀವರ್‌ನ ಹಿಂದೆ ಕತ್ತಲಲ್ಲಿ ಕಪ್ಪಿಗೆ ಸೇರಿತ್ತು. ಗೋಡೆಯೊಳಗೆ ಹೋದ ವೈರಾದರೆ ಗೆರೆ ಕಾಣದೆ ಇರಬಹುದು. ಆಗ ಗಡಿಯಾರಕ್ಕೆ ಹಾಕುವ 1.5 ವೋಲ್ಟ್ ಬ್ಯಾಟರಿ ಸಾಕು. ವೈರನ್ನು ರಿಸೀವರ್‌ನಿಂದ ಬಿಡಿಸಿ, ಆ ತುದಿಗೆ ಬ್ಯಾಟರಿಯನ್ನು ಅರೆಕ್ಷಣ ಮುಟ್ಟಿಸಬೇಕು. ಸ್ಪೀಕರಿನ ದೊಡ್ಡ ಪರದೆ ಹೊರಗೆ ಉಬ್ಬಿದರೆ, ಬ್ಯಾಟರಿಯ ಪ್ಲಸ್ ಮುಟ್ಟಿದ ಎಳೆಯೇ ಕೆಂಪಿನದು.

ವೈರಿನ ಬಗ್ಗೆ ಇನ್ನೊಂದು ಮಾತು. ತಾಮ್ರದ್ದು ಅಂತ ಹೇಳಿ ಮಾರುವ ಅಗ್ಗದ ವೈರುಗಳಲ್ಲಿ ಎಷ್ಟೋ ಸಲ ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ ಮಾತ್ರ ಇರುತ್ತದೆ. ಎಳೆಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ. ನಮ್ಮ ಹಾಲಿನ ಅಳತೆಗೆ 16 ಗೇಜ್ ತಾಮ್ರದ ವೈರ್ ಧಾರಾಳ ಸಾಕು. ತುದಿಯನ್ನು ಒಂದು ಸೆಂಟಿಮೀಟರ್‌ನಷ್ಟು ಸುಲಿದು ಬಿಗಿಯಾಗಿ ಹೊಸೆಯಿರಿ. ಒಂದು ಎಳೆಯ ಕೂದಲೂ ಪಕ್ಕದ ಸ್ಕ್ರೂಗೆ ತಾಗಬಾರದು. ತಾಗಿದರೆ ಶಾರ್ಟ್ ಆಗಿ ರಿಸೀವರ್ ತನ್ನಷ್ಟಕ್ಕೆ ಆಫ್ ಆಗುತ್ತದೆ, ಕೆಲವೊಮ್ಮೆ ಸುಟ್ಟೂ ಹೋಗುತ್ತದೆ.

ಎಡದ ವೈರ್ ಸರಿಮಾಡಿ ಅದೇ ಪ್ರಸಂಗ ಮತ್ತೆ ಹಾಕಿದೆ. ದನಿ ಟೀವಿಯ ನಡುವೆ ಬಂದು ನಿಂತಿತು. ಅಲ್ಲಿ ಸ್ಪೀಕರ್ ಕೆಲಸ ಮಾಡುತ್ತಿರಲಿಲ್ಲ, ಆದರೂ ದನಿ ಅಲ್ಲೇ ಇತ್ತು. ನನಗೆ ಮೈ ಜುಮ್ಮೆಂದಿತು.

ಮದ್ದಳೆಯೂ ವಾಪಸ್ ಬಂತು, ಈಗ ಸ್ವಲ್ಪ ಜಾಸ್ತಿಯೇ. ಸಬ್‌ವೂಫರನ್ನು ಮೂಲೆಯಲ್ಲಿಟ್ಟಿದ್ದೆ. ಮೂಲೆಯ ಗೋಡೆಗಳು ತಗ್ಗು ಸ್ವರವನ್ನು ಉಬ್ಬಿಸುತ್ತವೆ. ಇದಕ್ಕೆ ಒಂದು ಹಳೆಯ ಉಪಾಯವಿದೆ. ಸಬ್‌ವೂಫರನ್ನೇ ಅಮ್ಮನ ಕುರ್ಚಿಯ ಮೇಲಿಟ್ಟು ಹಾಡು ಹಾಕಿ, ನಾನು ಗೋಡೆಯ ಉದ್ದಕ್ಕೂ ಅಂಬೆಗಾಲಿಟ್ಟು ಕೇಳುತ್ತ ಹೋದೆ. ಎಲ್ಲಿ ಪೆಟ್ಟು ಬಿಡಿಬಿಡಿಯಾಗಿ ಕೇಳಿತೋ ಅಲ್ಲಿ ಅದನ್ನು ಇಟ್ಟೆ. ಟೀವಿ ಷೋಕೇಸಿನ ಬಲಗಡೆ, ಮೂಲೆಯಿಂದ ನಾಲ್ಕಡಿ ದೂರ. ಯಾವ ಸ್ವರದಿಂದ ಕೆಳಗಿನದು ಸಬ್‌ವೂಫರಿಗೆ ಅಂತ ನಿರ್ಧರಿಸುವ, ಅದರ ಹಿಂದಿನ ಕ್ರಾಸೋವರ್ ತಿರುಗಣೆಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ರಿಸೀವರ್‌ನಲ್ಲೇ 80 ಹರ್ಟ್ಸ್ ಇಟ್ಟೆ. ಎರಡೂ ಕಡೆ ಕತ್ತರಿಸಿದರೆ ನಡುವೆ ಸ್ವರ ಬಿದ್ದುಹೋಗುತ್ತದೆ.

ನಮ್ಮದು ರೆಡ್ ಆಕ್ಸೈಡ್ ನೆಲ. ಕನ್ನಡಿಯ ಹಾಗೆ ಹೊಳೆಯುತ್ತದೆ, ಚಂಡೆಯ ಪೆಟ್ಟನ್ನೂ ಹಾಗೇ ವಾಪಸ್ ಎಸೆಯುತ್ತದೆ. ಅಟ್ಟದಲ್ಲಿದ್ದ ಜಮಖಾನ ತಂದು ಟೀವಿಗೂ ಕುರ್ಚಿಗೂ ನಡುವೆ ಹಾಸಿದೆವು. ಸೆಂಟರ್ ಸ್ಪೀಕರನ್ನು ಷೋಕೇಸಿನ ಒಳಗಿಂದ ಅಂಚಿಗೆ ಎಳೆದು, ಮುಂದಿನ ತುದಿಗೆ ಎರಡು ರಬ್ಬರ್ ತುಂಡು ಕೊಟ್ಟು ಅಮ್ಮನ ಕಿವಿಯ ಕಡೆ ಎತ್ತಿದೆ. ರಿಸೀವರ್‌ನ ಮೈಕನ್ನು ಅವರ ಕುರ್ಚಿಯಲ್ಲಿ ಕಿವಿಯ ಎತ್ತರಕ್ಕೆ ಇಟ್ಟು ಪ್ರತಿ ಸ್ಪೀಕರಿನ ಸದ್ದನ್ನು ಅಳತೆ ಮಾಡಿಸಿದ ಮೇಲೆ, ಸೆಂಟರ್ ಒಂದನ್ನು 3 ಡೆಸಿಬಲ್ ಏರಿಸಿದೆ. ಅಮ್ಮನಿಗೆ ಎಲ್ಲಕ್ಕಿಂತ ಉಪಯೋಗವಾದದ್ದು ಇದೇ ಮೂರು ಡೆಸಿಬಲ್. ಈಗ ಪಕ್ಕದ ಕೋಣೆಗೆ ಕೇಳುವಷ್ಟು ಜೋರು ಇಡಬೇಕಾಗಿಲ್ಲ.

ತುಟಿಗೂ ಮಾತಿಗೂ ಹೊಂದಾಣಿಕೆ ಇರಲಿಲ್ಲ. ಟೀವಿಗೆ ಚಿತ್ರವನ್ನು ಹದ ಮಾಡಲು ಸ್ವಲ್ಪ ಹೊತ್ತು ಬೇಕು, ಅಷ್ಟರಲ್ಲಿ ಸದ್ದು ಬಂದುಬಿಡುತ್ತದೆ. ಸೆಟ್‌ಟಾಪ್ ಬಾಕ್ಸಿನಲ್ಲಿ ಬಂದ ಒಂದು ಯಕ್ಷಗಾನದಲ್ಲಿ ಚಂಡೆಯ ಕೋಲು ಬೀಳುವುದನ್ನು ನೋಡುತ್ತ ರಿಸೀವರ್‌ನ ಆಡಿಯೊ ಡಿಲೇ ಏರಿಸುತ್ತ ಹೋದೆ. 80 ಮಿಲಿಸೆಕೆಂಡಿಗೆ ಕೋಲು, ಸದ್ದು ಕೂಡಿದವು.

ಅಪ್ಪನ ಡಿವಿಡಿ ಪ್ಲೇಯರ್ ಉಳಿದಿತ್ತು. ತಾಳಮದ್ದಳೆಯ ವಿಸಿಡಿಗಳು ಅವರ ಹತ್ತಿರ ಒಂದು ಪೆಟ್ಟಿಗೆ ತುಂಬ ಇವೆ. ಹಳದಿ, ಕೆಂಪು, ಬಿಳಿ ವೈರ್‌ಗಳನ್ನು ರಿಸೀವರ್‌ಗೆ ಕೊಟ್ಟರೆ ಸದ್ದು ಬಂತು, ಚಿತ್ರ ಬರಲಿಲ್ಲ. ಹಳದಿಯಲ್ಲಿ ಬಂದ ಚಿತ್ರವನ್ನು ಎಚ್‌ಡಿಎಂಐಗೆ ಬದಲಿಸುವ ಶಕ್ತಿ ಎಲ್ಲ ರಿಸೀವರ್‌ಗಳಿಗೂ ಇರುವುದಿಲ್ಲ. ಹಳದಿಯನ್ನು ನೇರ ಟೀವಿಗೆ ಕೊಟ್ಟೆ, ಕೆಂಪು ಬಿಳಿಯನ್ನು ರಿಸೀವರ್‌ನಲ್ಲೇ ಬಿಟ್ಟೆ. ಟೀವಿಯ ಸಣ್ಣ ಎವಿ ಕಿಂಡಿಗೆ ಅದರ ಜೊತೆ ಬಂದ ತುಂಡು ವೈರನ್ನೇ ಬಳಸಬೇಕು. ಬೇರೆ ವೈರಿನಲ್ಲಿ ಒಳಗಿನ ಜೋಡಣೆ ಬೇರೆ ಇರಬಹುದು.

ಕೊನೆಗೆ ಸಬ್‌ವೂಫರಿನಲ್ಲಿ ಒಂದು ಗುಂಯ್ ಸದ್ದು. ಒಂದೊಂದೇ ವೈರ್ ಕಿತ್ತು ನೋಡಿದೆ. ಸೆಟ್‌ಟಾಪ್ ಬಾಕ್ಸಿನಿಂದ ಛಾವಣಿಯ ಡಿಶ್ ವೈರ್ ಬಿಚ್ಚಿದಾಗ ನಿಂತಿತು. ಸಬ್‌ವೂಫರ್ ಒಂದು ಗೋಡೆಯ ಸಾಕೆಟ್ಟಿನಲ್ಲಿತ್ತು, ಉಳಿದವು ಇನ್ನೊಂದರಲ್ಲಿ. ಎರಡರ ಅರ್ಥಿಂಗ್ ನಡುವೆ ಸುತ್ತು ಬಿದ್ದು, ನಮ್ಮ ಕರೆಂಟಿನ 50 ಹರ್ಟ್ಸ್ ಸ್ಪೀಕರಿಗೆ ಇಳಿಯುತ್ತಿತ್ತು. ಎಲ್ಲವನ್ನೂ ಒಂದೇ ಬೋರ್ಡಿಗೆ ತಂದ ಮೇಲೆ ಡಿಶ್ ವೈರ್ ಹಾಕಿದರೂ ಸದ್ದಿಲ್ಲ. ಇದಕ್ಕೆ ಪರಿಹಾರ ಅಂತ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ಜೀವ ಕಾಯುವ ಪಿನ್ನು.

ಮಲೆನಾಡಿನಲ್ಲಿ ಏಪ್ರಿಲ್, ಮೇ ಬಂತೆಂದರೆ ಗುಡುಗು ಮಿಂಚು. ಪ್ಲಗ್ ಮಾತ್ರ ತೆಗೆದರೆ ಸಾಲದು, ಡಿಶ್ ವೈರ್ ಕೂಡ ಬಿಚ್ಚಬೇಕು. ಮಿಂಚು ಆ ದಾರಿಯಲ್ಲೂ ಬಂದು ಎಚ್‌ಡಿಎಂಐ ಮೂಲಕ ಎಲ್ಲವನ್ನೂ ಸುಡಬಲ್ಲದು. ಅದಕ್ಕೆ ಪ್ರತಿ ವೈರಿನ ಎರಡೂ ತುದಿಗೆ ಬಿಳಿ ಟೇಪ್ ಸುತ್ತಿ, ಕನ್ನಡದಲ್ಲಿ ಹೆಸರು ಬರೆದು ಬಂದಿದ್ದೆ: ಡಿಶ್, ಟೀವಿ, ಅಮ್ಮನ ಎಡ, ಅಮ್ಮನ ಬಲ.

ಕಳೆದ ವಾರ ಸಾಗರದಲ್ಲಿ ಜೋರು ಗುಡುಗಿತಂತೆ. ಅಪ್ಪ ಎಲ್ಲ ಬಿಚ್ಚಿಟ್ಟು, ಮಳೆ ನಿಂತ ಮೇಲೆ ತಾವೇ ಜೋಡಿಸಿ ನನಗೆ ಫೋನ್ ಮಾಡಿದರು. ಅವರ ಹಿಂದೆ ಭಾಗವತರ ಪದ ಕೇಳುತ್ತಿತ್ತು. "ನಡುವೇ ಕೂತಿದಾರೆ" ಎಂದರು.